ಕಿಟ್ಟದ ನೆಲ

ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಹನಿ ಬಿದ್ದ ಸ್ವಲ್ಪ ಹೊತ್ತಿಗೆ ಹಿತ್ತಲ ಕಡೆಯಿಂದ ಒಂದು ಘಾಟು ಎದ್ದು ಬರುತ್ತಿತ್ತು. ಮೂಗಿನೊಳಗೆ ಯಾರೋ ಸೂಜಿ ಆಡಿಸಿದ ಹಾಗಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗಳನ್ನು ಮುಚ್ಚಲು ಓಡುತ್ತಿದ್ದಳು. ಅಪ್ಪ ಅಲ್ಯೂಮಿನಿಯಮ್ ಪಾತ್ರೆಗಳ ಎರಕ ಹೊಯ್ಯುತ್ತಿದ್ದರು. ಕುಲುಮೆ ಮನೆಯ ಹಿಂದೆಯೇ ಇತ್ತು. ಕರಗಿದ ಲೋಹದ ಮೇಲೆ ಹಾಲಿನ ಕೆನೆಯಂತೆ ಕಟ್ಟುವ ಕಿಟ್ಟವನ್ನು ಉದ್ದ ಹಿಡಿಯ ಸೌಟಿನಿಂದ ತೆಗೆದು ಅಂಗಳದ ಮೂಲೆಗೆ ಸುರಿಯುತ್ತಿದ್ದರು. ಬೂದಿಯ ಬಣ್ಣದ ಆ ರಾಶಿ ಬಿಸಿಲಿರುವಷ್ಟು ದಿನ ಪಾಪದ ಪ್ರಾಣಿಯ ಹಾಗೆ ಬಿದ್ದಿರುತ್ತಿತ್ತು. ಮಳೆ ಬಂದರೆ ಸಾಕು, ಅದಕ್ಕೆ ಬಾಯಿ ಬರುತ್ತಿತ್ತು.

ಆ ಘಾಟಿಗೆ ಅಮೋನಿಯಾ ಎಂಬ ಹೆಸರಿದೆ ಎಂದು ತಿಳಿದದ್ದು ನಾನು ಕಾಲೇಜಿಗೆ ಸೇರಿದ ಮೇಲೆ. ಆಮೇಲೆ ನಾನೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದೆ, ನಿವೃತ್ತಳೂ ಆದೆ. ಅಪ್ಪನ ಕೆಲಸವನ್ನು ಅಣ್ಣ ಮುಂದುವರಿಸಿದ, ಅಣ್ಣನದನ್ನು ಅವನ ಮಗ ಗುಂಡ. ಗುಂಡ ಈಗ ಗುಂಡಗಿಲ್ಲ, ತಲೆ ನರೆತ ಗಂಡಸು. ಆದರೂ ಹೆಸರು ಅಂಟಿಕೊಂಡಿದೆ, ನನಗೆ ಪುಟ್ಟಿ ಎಂಬುದು ಅಂಟಿಕೊಂಡ ಹಾಗೆ.

ಆ ಗುಂಡ ಒಂದು ದಿನ ಫೋನ್ ಮಾಡಿದ.

"ಅತ್ತೆ, ನೀವು ನಾಲ್ಕು ದಿನ ಬಂದಿರ್ಬೇಕು. ಅಪ್ಪಂಗೆ ಒಂದು ಮಾತು ಹೇಳ್ಬೇಕು. ನಿಮ್ಮ ಮಾತಾದ್ರೆ ಕೇಳ್ತಾನೆ."

"ಏನು ಹೇಳ್ಬೇಕೋ?"

ಫೋನ್ ಕೈ ಬದಲಾಯಿಸಿದ್ದು ಕೇಳಿಸಿತು. ಈಗ ಮಾತಾಡಿದವಳು ಗುಂಡನ ಹೆಂಡತಿ.

"ಅತ್ತೆ, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಮಾವನಿಗೆ ಹಿಡಿತ ತಪ್ಪಿದೆ. ಕೋಣೆಯೆಲ್ಲಾ ಮೂತ್ರದ ವಾಸನೆ. ದಿನಾ ಎರಡು ಸಲ ತೊಳೀತೀನಿ, ಫಿನೈಲ್ ಹಾಕ್ತೀನಿ, ಹೋಗೋದೇ ಇಲ್ಲ. ಪಕ್ಕದ ಕೋಣೇಲಿ ಮಗಳು ಮಲಗ್ತಾಳೆ, ಅವಳಿಗೆ ಕೆಮ್ಮು ಹಿಡ್ಕೊಂಡಿದೆ. ಮನೆಯ ಗಾಳಿ ಸರಿ ಇಲ್ಲ ಅಂತಾರೆ ಡಾಕ್ಟ್ರು." ಅವಳು ಉಸಿರು ತೆಗೆದುಕೊಂಡಳು. "ಒಂದು ಆಶ್ರಮ ನೋಡಿದೀವಿ. ಚೆನ್ನಾಗಿದೆ, ನರ್ಸ್ ಇದಾರೆ. ಸೋಮವಾರ ಅವರ ವ್ಯಾನ್ ಬರತ್ತೆ. ಮಾವನಿಗೆ ನಾವು ಹೇಳಿದ್ರೆ ಓಡಿಸ್ತಿದ್ದೀವಿ ಅಂದ್ಕೋತಾರೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಸೋತವರ ದನಿ ಅದು. ಹೊರಡುತ್ತೇನೆ ಎಂದೆ.

ಶುಕ್ರವಾರ ಸಂಜೆ ಅವರ ಮನೆ ಮುಟ್ಟಿದೆ. ಅಣ್ಣ ಮುಂದಿನ ಜಗಲಿಯ ಕುರ್ಚಿಯಲ್ಲಿ ಊರುಗೋಲಿನ ಮೇಲೆ ಗಲ್ಲವಿಟ್ಟು ಕೂತಿದ್ದ. ಅವನ ಬಟ್ಟೆ ಮಡಿಯಾಗಿತ್ತು. ಕತ್ತರಿಸಿದ ಉಗುರು, ನುಣ್ಣಗೆ ಹೆರೆದ ಗಡ್ಡ. ಇದೆಲ್ಲಾ ಸೊಸೆಯ ಕೈಗುಣ ಎಂದು ನನಗೆ ಗೊತ್ತಿತ್ತು. ಅಣ್ಣನ ಕೈಗೆ ಕತ್ತರಿ ಹಿಡಿಯುವ ಬಲ ಹೋಗಿ ಎಷ್ಟೋ ಕಾಲವಾಗಿದೆ.

"ಬಂದ್ಯಾ ಪುಟ್ಟಿ? ನನ್ನನ್ನ ಓಡ್ಸೋಕೆ ನಿನ್ನನ್ನೇ ಕರೆಸಿದ್ರಾ?"

"ಓಡೋಕೆ ಕಾಲು ಬೇಕಲ್ಲಣ್ಣ. ನಿನ್ನ ಕಾಲು ನೋಡಿದ್ರೆ ಯಾರಿಗೂ ಆ ಆಸೆ ಬರಲ್ಲ."

ಅವನು ನಕ್ಕ. ನಗು ಅರ್ಧದಲ್ಲೇ ನಿಂತಿತು. "ಚೀಲ ಕಟ್ಟಿಟ್ಟಿದೀನಿ. ಅವ್ರು ಹೇಳಿಲ್ಲ, ನಾನು ಕೇಳಿಲ್ಲ. ಆದ್ರೆ ಗೊತ್ತಾಗತ್ತೆ. ಸೊಸೆ ನನ್ನ ಕೋಣೆಗೆ ಬರೋ ಮುಂಚೆ ಬಾಗಿಲಾಚೆ ನಿಂತು ಉಸಿರು ತುಂಬಿಸ್ಕೊಂಡು ಬರ್ತಾಳೆ, ನೀರಿಗೆ ಹಾರೋರ ಹಾಗೆ. ನನ್ನ ಮುಂದೆ ಮೂಗು ಮುಚ್ಕೊಂಡವಳಲ್ಲ, ಅದು ಅವಳ ದೊಡ್ಡತನ."

"ನಿಂಗೆ ವಾಸನೆ ಬರತ್ತಾ?"

"ನನ್ನ ಮೂಗಾ?" ಅಣ್ಣ ಬೆರಳಿನಿಂದ ಮೂಗಿನ ತುದಿ ತಟ್ಟಿದ. "ಇದು ಕುಲುಮೆ ಹೊಗೇಲೇ ಬೆಂದು ಹೋಗಿ ಕಾಲವಾಯ್ತು. ಕನ್ನಡಕ ಕೂರಿಸ್ಕೊಳ್ಳೋಕೆ ಅಂತ ಇಟ್ಕೊಂಡಿದೀನಿ. ಅವ್ರು ಇದೆ ಅಂದ್ರೆ ಇದೆ."

ಅದು ನನ್ನನ್ನು ಚುಚ್ಚಿತು. ತನ್ನ ಮೈಯ ವಿಚಾರವನ್ನು ಬೇರೆಯವರ ಮೂಗಿನಿಂದ ತಿಳಿಯಬೇಕಾದ ಸ್ಥಿತಿ ಅವನದು. ಇದೆ ಎಂದರೆ ಒಪ್ಪಬೇಕು. ಇಲ್ಲ ಎಂದು ವಾದಿಸಲು ಅವನ ಬಳಿ ಏನೂ ಇರಲಿಲ್ಲ. ಅಲ್ಲದೆ, ಮಳೆಗಾಲದ ಒಂದು ಜ್ವರದಲ್ಲಿ ಒಮ್ಮೆ ಹಾಸಿಗೆ ಒದ್ದೆಯಾದದ್ದು ನಿಜ, ಅದನ್ನು ಅವನೇ ಹೇಳಿದ. ಒಮ್ಮೆ ಆದದ್ದು ಮತ್ತೆ ಆಗುತ್ತಿರಬಹುದು, ತನಗೇ ತಿಳಿಯುತ್ತಿಲ್ಲ ಎಂದು ನಂಬಿಬಿಟ್ಟಿದ್ದ.

ಕೋಣೆಗೆ ಹೋದೆ. ವಾಸನೆ ಇತ್ತು. ಸುಳ್ಳು ಹೇಳುವುದಿಲ್ಲ, ನನಗೂ ಅದು ಮೂತ್ರದ ವಾಸನೆ ಎಂದೇ ಅನ್ನಿಸಿತು. ಹೆಸರು ಮೊದಲೇ ಕಿವಿಗೆ ಬಿದ್ದರೆ ಮೂಗು ಬೇರೇನನ್ನೂ ಹುಡುಕಲು ಹೋಗುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಲೋಟದ ನೀರು ಹಾಗೇ ಉಳಿದದ್ದನ್ನು ಕಂಡೆ. ಮಾತ್ರೆ ನುಂಗಲೂ ಒಂದೇ ಗುಟುಕು. ಸೊಸೆ ಲೋಟವನ್ನು ಮೆಲ್ಲನೆ ಅವನತ್ತ ಸರಿಸಿದಳು. ಅಣ್ಣ ಅದನ್ನು ಮೆಲ್ಲನೆ ಹಿಂದಕ್ಕೆ ಸರಿಸಿದ. ರಾತ್ರಿ ಹಾಸಿಗೆ ಒದ್ದೆಯಾದೀತೆಂದು ದಿನವೂ ಮಧ್ಯಾಹ್ನದ ನಂತರ ಅವನು ನೀರು ಬಿಟ್ಟಿದ್ದಾನೆ ಎಂದು ಗುಂಡ ಆಮೇಲೆ ಹೇಳಿದ. "ತುಟಿ ಒಡ್ದಿದೆ ನೋಡಿ ಅತ್ತೆ. ಹೇಳಿದ್ರೆ ಕೇಳಲ್ಲ."

ಅಣ್ಣನಿಗೆ ಆಶ್ರಮದ ವಿಷಯ ಹೇಳುವ ಕೆಲಸವನ್ನು ಮರುದಿನಕ್ಕೆ ದೂಡಿದೆ.

ಶನಿವಾರ ಬೆಳಿಗ್ಗೆ ಎಲ್ಲರೂ ಅವರವರ ಕೆಲಸಕ್ಕೆ ಬಿದ್ದರು. ಗುಂಡ ಎರಕದ ಶೆಡ್ಡಿಗೆ ಹೋದ. ಮಗು ಶಾಲೆಗೆ ಹೋಯಿತು. ಸೊಸೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹೊರಡುವ ಮೊದಲು ಅಣ್ಣನ ಹಾಸಿಗೆ, ದಿಂಬು, ಹೊದಿಕೆ ಎಲ್ಲವನ್ನೂ ಹಿಂದಿನ ಹಗ್ಗಕ್ಕೆ ಹಾಕಿದಳು. ಮುಂದಿನ ಹಗ್ಗ ಖಾಲಿ ಇತ್ತು. ಇಲ್ಲೇ ಹಾಕಬಹುದಿತ್ತಲ್ಲ ಎಂದೆ. "ಮುಂದೆ ಹಾಕಿದ್ರೆ ದಾರೀಲಿ ಹೋಗೋರು ದಿನಾ ಯಾಕೆ ಹಾಸಿಗೆ ಒಣಗಿಸ್ತಾರೆ ಅಂತ ಲೆಕ್ಕ ಹಾಕ್ತಾರೆ ಅತ್ತೆ" ಎಂದಳು. ಆಮೇಲೆ ಎರಡು ಬಕೆಟ್ ನೀರು ತಂದು ಮಾವನ ಕೋಣೆಯ ನೆಲಕ್ಕೆ ಸುರಿದು ಉಜ್ಜಿ ತೊಳೆದಳು. ಅವಳ ಬೆರಳ ಸಂದುಗಳು ಬಿರುಕು ಬಿಟ್ಟು ಕೆಂಪಗಿದ್ದವು.

ಅವಳು ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಅಣ್ಣ ಜಗಲಿಯ ಬಿಸಿಲಿಗೆ ಕೂತ. ನಾನು ಅವನ ಅಂಗಿಗಳನ್ನು ಮಡಿಸೋಣವೆಂದು ಕೋಣೆಯಲ್ಲಿ ಕುಳಿತೆ. ಮಂಚದ ಮೇಲೆ ಬರೀ ಹಲಗೆ. ಹಾಸಿಗೆ ಇಲ್ಲ, ಅಣ್ಣನೂ ಇಲ್ಲ, ನೆಲ ಈಗ ತಾನೇ ತೊಳೆದದ್ದು. ಫಿನೈಲಿನ ವಾಸನೆ ನಿಧಾನವಾಗಿ ಇಳಿಯಿತು. ಅದು ಇಳಿದ ಹಾಗೆ ಆ ಇನ್ನೊಂದು ಏರತೊಡಗಿತು.

ಅಂಗಿ ಮಡಿಸುವುದನ್ನು ನಿಲ್ಲಿಸಿದೆ. ತೊಳೆದ ಮೇಲೆ ವಾಸನೆ ಹೆಚ್ಚುವುದುಂಟೇ?

ಹಿಂದಕ್ಕೆ ಹೋಗಿ ಹಗ್ಗದ ಮೇಲಿನ ಹಾಸಿಗೆಗೆ ಮೂಗಿಟ್ಟೆ. ಸೋಪಿನ ವಾಸನೆ, ಬಿಸಿಲಿನ ವಾಸನೆ, ಅಣ್ಣನ ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಅಷ್ಟೇ. ಮತ್ತೆ ಕೋಣೆಗೆ ಬಂದು, ಮಂಡಿ ಬೇಡವೆಂದರೂ, ನೆಲಕ್ಕೆ ಕೂತೆ. ಮಂಚದ ಕೆಳಗೆ ಎರಡು ಟೈಲ್‌ಗಳು ಅಲುಗಾಡುವ ಹಲ್ಲಿನ ಹಾಗೆ ಮೇಲೆದ್ದಿದ್ದವು. ಅವುಗಳ ಸಂದಿನಲ್ಲಿ ಸುಣ್ಣದಂಥ ಬಿಳಿ ಪುಡಿ. ಇನ್ನಷ್ಟು ಬಗ್ಗಿ ಉಸಿರೆಳೆದೆ.

ಸೂಜಿ. ಕಣ್ಣಲ್ಲಿ ನೀರು. ಅಮ್ಮ ಕಿಟಕಿ ಮುಚ್ಚಲು ಓಡುತ್ತಿದ್ದಾಳೆ.

ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಮಂಚದ ಕೆಳಗೆ ತಲೆ ತೂರಿಸಿ ಗಟ್ಟಿಯಾಗಿ ನಕ್ಕೆ. ಏಳಲು ಮಾತ್ರ ಮಂಚದ ಕಾಲನ್ನು ಆಶ್ರಯಿಸಬೇಕಾಯಿತು.

"ಅಣ್ಣ, ನಿನ್ನ ಕೋಣೆ ನೆಲ ಹಾಕಿದ್ದು ಯಾರು?"

"ಗುಂಡನೇ. ಯಾಕೆ?" ಅಣ್ಣನ ಮುಖ ಅರಳಿತು. "ಮೊದ್ಲು ಅದು ಸಾಮಾನು ತುಂಬೋ ಕೋಣೆ ಆಗಿತ್ತಲ್ಲ, ನಡುಮನೆಗಿಂತ ಮೊಣಕಾಲುದ್ದ ತಗ್ಗು. ನಾನು ಮೆಟ್ಲು ಎಡವಿ ಬಿದ್ದೆ ನೋಡು, ಅದಾದ ಮೇಲೆ ಎರಡು ವಾರ ಶೆಡ್ಡಿಗೆ ಬೀಗ ಹಾಕಿ ತಾನೇ ಕೂತು ತುಂಬಿಸಿ ಮಟ್ಟ ಮಾಡಿದ. ನಡುಮನೆಯಿಂದ ನನ್ನ ಮಂಚದವರೆಗೂ ಒಂದು ಗೆರೆ ಎದ್ದಿಲ್ಲ. ಕೋಲು ಜಾರ್ಸ್ಕೊಂಡು ಹೋಗ್ಬಹುದು."

"ಏನು ಹಾಕಿ ತುಂಬಿಸಿದ?"

"ಕಿಟ್ಟ. ಶೆಡ್ಡಲ್ಲಿ ಡ್ರಮ್ಮುಗಟ್ಲೆ ಇತ್ತು. ಮರಳಿಗಿಂತ ಚೆನ್ನಾಗಿ ಕೂರತ್ತೆ ಅಂದ. ಮೇಲೆ ತೆಳ್ಳಗೆ ಸಿಮೆಂಟು, ಅದರ ಮೇಲೆ ಟೈಲು." ಅಣ್ಣ ನನ್ನ ಮುಖವನ್ನೇ ನೋಡಿದ. "ಏನಾಯ್ತೇ ಪುಟ್ಟಿ?"

"ಅಪ್ಪನ ಕಿಟ್ಟದ ರಾಶಿ ಮೇಲೆ ಮಳೆ ಬಿದ್ರೆ ಏನಾಗ್ತಿತ್ತು ಜ್ಞಾಪಕ ಇದ್ಯಾ?"

ಅವನು ಯೋಚಿಸಿದ. ಬಾಲ್ಯದಲ್ಲಿ ಅವನಿಗೂ ಮೂಗಿತ್ತು. "ಅಮ್ಮ ಬೈಯ್ತಿದ್ಲು" ಎಂದವನು ಕೋಲು ಊರಿ ಏಳಲು ಹೋದ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಅಣ್ಣನಿಗೆ ಮಾತ್ರ ಕನ್ನಡಿ ಬೇಕಿತ್ತು. ಮೂಗಿಗೆ ತಿಳಿಯದ್ದನ್ನು ಅವನ ಕಣ್ಣಿಗೆ ತೋರಿಸಬೇಕಿತ್ತು. ಇನ್ನೊಬ್ಬರ ಮಾತನ್ನು ನಂಬಿ ನಂಬಿ ಅವನಿಗೆ ಸಾಕಾಗಿತ್ತು. ಅಡುಗೆಮನೆಯಿಂದ ಅರಿಸಿನ ತಂದೆ. ಅವನ ಔಷಧಿ ಕಪಾಟಿನಲ್ಲಿ ಗಾಯಕ್ಕೆ ಹಚ್ಚುವ ಸ್ಪಿರಿಟ್ ಇತ್ತು. ಎರಡನ್ನೂ ಕಲಸಿ, ಬಿಳಿ ಕಾಗದದ ಪಟ್ಟಿಗಳಿಗೆ ಬಳಿದು ಆರಲು ಇಟ್ಟೆ.

"ಏನು ಮಾಟ ಮಾಡ್ತಿದೀಯ?"

"ಮಾಟ ಅಲ್ಲ, ಫಸ್ಟ್ ಇಯರ್ ಪ್ರಾಕ್ಟಿಕಲ್. ಕ್ಷಾರ ತಾಗಿದ್ರೆ ಈ ಹಳದಿ ಕೆಂಪಾಗತ್ತೆ. ಸೋಪು ತಾಗಿದ್ರೂ ಆಗತ್ತೆ, ಅದಕ್ಕೇ ಏನನ್ನೂ ಮುಟ್ಟಿಸಲ್ಲ, ಮೇಲೆ ತೂಗುಬಿಡ್ತೀನಿ. ನೀನೇ ನೋಡು."

ಮೊದಲ ಪಟ್ಟಿಯನ್ನು ಬರೀ ನೀರಿನಲ್ಲಿ ಒದ್ದೆ ಮಾಡಿ ದಾರಕ್ಕೆ ಕಟ್ಟಿ, ಹಗ್ಗದ ಮೇಲಿದ್ದ ಅವನ ಹಾಸಿಗೆಯ ಹತ್ತಿರ ಹಿಡಿದೆ. ನನ್ನ ಕೈ ಸೋಲುವವರೆಗೂ ಹಿಡಿದೆ. ಹಳದಿ ಹಳದಿಯಾಗಿಯೇ ಇತ್ತು. ಎರಡನೆಯದನ್ನು ಕೋಣೆಯಲ್ಲಿ, ಎದ್ದ ಟೈಲ್‌ಗಳ ಸಂದಿನ ಮೇಲೆ ತೂಗುವಂತೆ ಒಂದು ಬಟ್ಟಲಿನ ಒಳತಳಕ್ಕೆ ದಾರದಿಂದ ಅಂಟಿಸಿ ಕವುಚಿದೆ. ಅಣ್ಣ ಮಂಚದ ಅಂಚಿನಲ್ಲಿ ಕೂತು ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನಂತೆ ಕೋಲನ್ನು ಬಿಗಿಯಾಗಿ ಹಿಡಿದಿದ್ದ. ಬಟ್ಟಲು ಎತ್ತಿದಾಗ ಕಾಗದ ಇಟ್ಟಿಗೆಯ ಕೆಂಪಾಗಿತ್ತು.

ಎರಡು ಪಟ್ಟಿಗಳನ್ನೂ ಅವನ ಅಂಗೈ ಮೇಲಿಟ್ಟೆ. "ಇದು ನೀನು. ಇದು ನೆಲ."

ಅಣ್ಣ ತುಂಬ ಹೊತ್ತು ನೋಡಿದ. "ನಾನಲ್ಲ" ಎಂದ. ಆಮೇಲೆ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ನಾನಲ್ಲವೇ ಅಲ್ಲ." ಕೋಲು ಕೈಬಿಟ್ಟು ಬಿತ್ತು. "ಒಂದು ಲೋಟ ನೀರು ಕೊಡು ಪುಟ್ಟಿ."

ಕೊಟ್ಟೆ. ಗಟಗಟ ಕುಡಿದ. ಇನ್ನೊಂದು ಕೇಳಿದ.

ನೀರು ಇಳಿದ ಮೇಲೆ ಪ್ರಶ್ನೆಗಳು ಹುಟ್ಟಿದವು. ಇಡೀ ಬಾಳು ಎರಕ ಹೊಯ್ದವನಿಗೆ ಲೋಹದ ಮೇಲೆ ಏನು ಕಟ್ಟುತ್ತದೆ ಎಂದು ಚೆನ್ನಾಗಿ ಗೊತ್ತು. ಯಾಕೆ ಎಂಬುದಷ್ಟೇ ಬೇಕಿತ್ತು.

"ಗಾಳೀಲಿ ಹೆಚ್ಚಿಗೆ ಇರೋದು ನೈಟ್ರೋಜನ್ ಅಲ್ವಾ, ಅದು ಬಲು ಸೋಮಾರಿ" ಎಂದೆ. "ಯಾರ ಜೊತೆಗೂ ಸೇರಲ್ಲ. ಆದ್ರೆ ನಿನ್ನ ಕುಲುಮೆ ಕಾವಿಗೆ ಅದಕ್ಕೂ ಬೆವರು ಬಂದು ಅಲ್ಯೂಮಿನಿಯಮ್ಮಿನ ಕೈ ಹಿಡ್ಕೊಳ್ಳತ್ತೆ. ಆ ಸಂಸಾರಕ್ಕೆ ಅಲ್ಯೂಮಿನಿಯಮ್ ನೈಟ್ರೈಡ್ ಅಂತ ಹೆಸರು. ಕಿಟ್ಟದೊಳಗೆ ಅವಿತು ಕೂತಿರತ್ತೆ. ಒಣಗಿದ್ದಷ್ಟು ಕಾಲ ಎಂಥಾ ಜಗಳವೂ ಇಲ್ಲ."

"ನೀರು ಬಂದ್ರೆ?"

"ಅಲ್ಯೂಮಿನಿಯಮ್ಮು ನೀರಿನ ಪಕ್ಷಕ್ಕೆ ಹಾರತ್ತೆ. ನೈಟ್ರೋಜನ್ನು ಅಮೋನಿಯಾ ಆಗಿ ಮನೆ ಬಿಟ್ಟು ಹೊರಡತ್ತೆ. ಮೂತ್ರ ಹಳಸಿದ್ರೆ ಮೂಗಿಗೆ ಹೊಡಿಯೋದೂ ಅದೇ ಅಮೋನಿಯಾನೇ. ಅದಕ್ಕೇ ಎಲ್ಲರೂ ಮೋಸ ಹೋದದ್ದು. ಉಳಿಯೋ ಬಿಳಿ ಪುಡಿ ಉಬ್ಬಿ ಉಬ್ಬಿ ಟೈಲು ಎತ್ತತ್ತೆ."

"ಅಂದ್ರೆ ಅವಳು ತೊಳೆದಷ್ಟೂ..."

"ಹೌದು. ತೊಳೆದಷ್ಟೂ."

ಅಣ್ಣನ ಮುಖದಲ್ಲಿ ಬಂದಿದ್ದ ಬೆಳಕು ಮೆಲ್ಲನೆ ಇಳಿಯಿತು. ಕಾಗದದ ಪಟ್ಟಿಗಳನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಅವ್ರಿಗೆ ಹೇಳ್ಬೇಡ ಪುಟ್ಟಿ."

"ಏನಂದೆ?"

"ನನಗೆ ಗೊತ್ತಾಯ್ತಲ್ಲ, ಸಾಕು. ಅವ್ರು ಕಳಿಸೋ ಕಡೆ ನಾನು ಹೋಗ್ತೀನಿ. ಕೋಣೆ ತೊಳಿಯೋದು ನಿಂತ್ರೆ ವಾಸನೆಯೂ ನಿಲ್ಲತ್ತೆ, ಮುದುಕ ಹೋದ, ವಾಸನೆ ಹೋಯ್ತು ಅಂತಾರೆ, ಮಗು ಚೆನ್ನಾಗಿರತ್ತೆ. ಆದ್ರೆ ಇದನ್ನ ಕೇಳಿದ್ರೆ ಗುಂಡ ತಡ್ಕೋತಾನಾ? ನಾನು ಎಡವಬಾರದು ಅಂತ ಮಂಡಿ ಊರ್ಕೊಂಡು ಹಾಕಿದ ನೆಲ ಅದು. ಆ ಹುಡುಗಿ? ಕೈ ಬಿರಿಯೋ ಹಾಗೆ ತೊಳ್ದವಳು."

"ಹಾಗಂತ ಮಾಡದ ತಪ್ಪು ಹೊತ್ಕೊಂಡು ಹೊರಡ್ತೀಯ?"

"ನನಗೇನು, ಇನ್ನೆಷ್ಟು ದಿನ. ಅವನು ಬಾಳಿ ಬದುಕಬೇಕಾದವನು."

ನನಗೆ ಸಿಟ್ಟು ಬಂತು. ಅಣ್ಣನ ಮೇಲೆ ನನಗೆ ಸಿಟ್ಟು ಬರುವುದು ಅಪರೂಪ. "ನಿನ್ನ ತ್ಯಾಗ ಒಲೆಗೆ ಹಾಕು. ನೆಲ ಒರಸೋ ನೀರು ಸಾಕು, ಗಾಳಿಯ ತೇವ ಸಾಕು, ಅದು ಇನ್ನೂ ಎಷ್ಟು ಕಾಲ ಹೊರಡ್ತಾ ಇರತ್ತೋ ಯಾರಿಗೆ ಗೊತ್ತು. ಪಕ್ಕದ ಕೋಣೇಲಿ ಮಲಗೋ ಮಗು ಅದನ್ನೇ ಉಸಿರಾಡತ್ತೆ. ನೀನು ಅವ್ರು ನೋಡಿರೋ ಆಶ್ರಮದಲ್ಲಿ ಕೂತು ಪುಣ್ಯ ಎಣಿಸ್ತಿರು, ಅವಳು ಇಲ್ಲಿ ಕೆಮ್ತಿರ್ಲಿ."

ಅಣ್ಣ ಕಣ್ಣು ಮುಚ್ಚಿದ. ಮೊಮ್ಮಗಳ ಮಾತು ಬಂದರೆ ಅವನಲ್ಲಿ ವಾದ ಉಳಿಯುವುದಿಲ್ಲ.

"ಮೇಡಂ ಆಗಿದ್ದಾಗಲೂ ಹೀಗೇ ಬೈಯ್ತಿದ್ಯಾ ಮಕ್ಕಳಿಗೆ?"

"ಇದಕ್ಕಿಂತ ಜಾಸ್ತಿ."

"ಸರಿ. ಆದ್ರೆ ನೀನು ಹೇಳ್ಬೇಡ. ಅವನೇ ಕಂಡ್ಕೊಳ್ಳೋ ಹಾಗೆ ಮಾಡು. ಬೇರೆಯವ್ರು ತೋರಿಸಿದ ತಪ್ಪು ಉರಿಯತ್ತೆ."

ಅಣ್ಣ ಗುಂಡನಿಗೆ ಫೋನ್ ಮಾಡಿ, ಬರುವಾಗ ಒಂದು ಡಬ್ಬಿ ಕಿಟ್ಟ ತಾ ಎಂದ. "ಏನಕ್ಕಪ್ಪ?" ಎಂದು ಅವನು ಕೇಳಿದ್ದು ನನಗೂ ಕೇಳಿಸಿತು. "ನಿನ್ನತ್ತೆಗೆ ವಯಸ್ಸಾಯ್ತು, ಪಾಠ ಮಾಡದೆ ಇರಕ್ಕಾಗ್ತಿಲ್ಲ" ಎಂದ ಅಣ್ಣ.

ಸಂಜೆ ಗಂಡ ಹೆಂಡತಿ ಇಬ್ಬರೂ ಬಂದರು. ಸೊಸೆ ಬಂದವಳೇ ಸೆರಗು ಸಿಕ್ಕಿಸಿ ಬಕೆಟ್ಟಿಗೆ ಕೈ ಹಾಕಿದಳು. ಇವತ್ತೊಂದು ದಿನ ಬಿಡಮ್ಮ ಎಂದು ತಡೆದೆ. ಗುಂಡ ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ. ನಾನು ಅದರಿಂದ ಎರಡು ಚಮಚ ಪುಡಿಯನ್ನು ಗಾಜಿನ ಲೋಟಕ್ಕೆ ಹಾಕಿ ಅವನ ಮುಂದೆ ಸರಿಸಿದೆ.

"ಇದರ ಮೇಲೆ ಯಾವತ್ತಾದ್ರೂ ನೀರು ಹಾಕಿದೀಯೇನೋ?"

"ನೀರಾ!" ಗುಂಡ ಹುಬ್ಬೇರಿಸಿದ. "ಶೆಡ್ಡಲ್ಲಿ ಕುಡಿಯೋ ನೀರಿನ ಬಾಟ್ಲಿ ಕೂಡ ಬಾಗಿಲಾಚೆ ಇಡಿಸ್ತೀನಿ ಅತ್ತೆ. ಕರಗಿದ ಲೋಹಕ್ಕೆ ಒಂದು ಹನಿ ನೀರು ಬಿದ್ರೆ ಸಿಡಿದು ಆಳು ಸಾಯ್ತಾನೆ. ಚಾವಣಿ ಸೋರದ ಹಾಗೆ ವರ್ಷಾ ವರ್ಷಾ ನೋಡ್ಕೋತೀನಿ."

ಅಲ್ಲಿತ್ತು ಗುಟ್ಟು. ಅಪ್ಪನ ಕಿಟ್ಟ ಬಯಲಲ್ಲಿ ಬಿದ್ದು ಮಳೆಗೆ ನೆನೆಯುತ್ತಿತ್ತು, ಹಾಗಾಗಿ ಅದರ ಗುಣ ನಮಗೆ ಗೊತ್ತಿತ್ತು. ಗುಂಡ ಅಚ್ಚುಕಟ್ಟಿನ ಮನುಷ್ಯ. ಅವನ ಕಿಟ್ಟ ನೀರಿನ ಮುಖವನ್ನೇ ಕಂಡಿರಲಿಲ್ಲ. ತನ್ನ ಕೆಲಸದಲ್ಲಿ ಎಚ್ಚರ ತಪ್ಪದವನು ಮಾತ್ರ ಮಾಡಬಹುದಾದ ತಪ್ಪು ಅದು.

"ಈಗ ಹಾಕು" ಎಂದೆ. "ಇದು ತಣ್ಣಗಿದೆ, ಸಿಡಿಯಲ್ಲ. ನೀರು ಬಿಸಿ ಇರ್ಲಿ, ಬೇಗ ಆಗತ್ತೆ."

ಅವನು ಕೆಟಲಿನಿಂದ ಬಿಸಿನೀರು ಸುರಿದ. ಲೋಟದೊಳಗೆ ಸಣ್ಣಗೆ ಚಿರ್ರೆಂದಿತು, ಗುಳ್ಳೆಗಳು ಎದ್ದವು. ಮೇಲೊಂದು ತಟ್ಟೆ ಮುಚ್ಚಿ ಕಾಯಲು ಹೇಳಿದೆ. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅಣ್ಣ ನೆಲ ನೋಡುತ್ತಿದ್ದ. ತಟ್ಟೆ ತೆಗೆದು ಗುಂಡ ಬಗ್ಗಿದ. ಥಟ್ಟನೆ ತಲೆ ಹಿಂದಕ್ಕೆ ಎಳೆದುಕೊಂಡ. ಕೆಮ್ಮಿ ಕಣ್ಣೊರಸಿಕೊಂಡ. ಇನ್ನೊಮ್ಮೆ ಬಗ್ಗಿದ, ಈ ಸಲ ಬೇಕೆಂದೇ. ಆಮೇಲೆ ಅವನ ಕತ್ತು ತಾನಾಗಿಯೇ ಅಪ್ಪನ ಕೋಣೆಯ ಬಾಗಿಲಿನ ಕಡೆ ತಿರುಗಿತು.

ಯಾರೂ ಏನೂ ಹೇಳಬೇಕಾಗಲಿಲ್ಲ.

"ಅಪ್ಪ" ಎಂದ. ಲೋಟವನ್ನು ಹೆಂಡತಿಯ ಮೂಗಿನ ಬಳಿ ಹಿಡಿದ. ಅವಳು ಒಂದೇ ಉಸಿರಿಗೆ ತಿಳಿದುಕೊಂಡಳು. ಅವಳ ಕಣ್ಣು ಬಕೆಟ್ಟಿನ ಮೇಲೆ ನಿಂತಿತು.

"ನಾನು ದಿನಾ..." ಎಂದಳು. "ನಾನು ದಿನಾ ನೀರು ಹಾಕಿ..." ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಅವುಗಳನ್ನು ಯಾರೂ ನೋಡಬಾರದು ಎಂಬಂತೆ.

ಗುಂಡ ಆ ರಾತ್ರಿಯೇ ಆಶ್ರಮಕ್ಕೆ ಫೋನ್ ಮಾಡಿ ವ್ಯಾನ್ ಬೇಡವೆಂದ. ಯಾಕೆ ಎಂದು ಅವರು ಕೇಳಿರಬೇಕು. "ನಮ್ಮ ಕಡೆಯಿಂದ ತಪ್ಪಾಗಿದೆ" ಎಂದಷ್ಟೇ ಹೇಳಿ ಇಟ್ಟ. ಅಣ್ಣನ ಮಂಚವನ್ನು ನಡುಮನೆಗೆ ತಂದು ಹಾಕಿದರು, ಮಗುವಿನ ಹಾಸಿಗೆಯನ್ನು ಮುಂದಿನ ಕೋಣೆಗೆ. ಮಗುವಿಗೆ ಮಾತ್ರ ಇದೆಲ್ಲಾ ಹಬ್ಬ. "ಅಜ್ಜ, ನಿನ್ನ ನೆಲಕ್ಕೆ ಶೀತ ಆಗಿದ್ಯಾ?" ಎಂದು ಕೇಳಿತು. "ಹೂಂ ಕಣೇ, ದಿನಾ ಸ್ನಾನ ಮಾಡಿಸಿದ್ರಲ್ಲ, ಅದಕ್ಕೆ" ಎಂದ ಅಣ್ಣ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡ. ಸೊಸೆ ಅಲ್ಲಿಂದ ಎದ್ದು ಹೋಗಿದ್ದಳು.

ಭಾನುವಾರ ಬೆಳಿಗ್ಗೆ ಗುಂಡ ಶೆಡ್ಡಿನಿಂದ ಹಾರೆ, ಮುಚ್ಚಳವಿರುವ ಡ್ರಮ್ಮುಗಳು, ಮೂಗಿಗೆ ಕಟ್ಟುವ ಮಾಸ್ಕುಗಳನ್ನು ತಂದ. ಕಿಟಕಿ ಬಾಗಿಲೆಲ್ಲಾ ತೆರೆದಿಟ್ಟೆವು. ಒಂದು ಹನಿ ನೀರೂ ಕೂಡದು, ಧೂಳೆದ್ದರೂ ಚಿಮುಕಿಸಬೇಡಿ ಎಂದು ನಾನು ಜಗಲಿಯಿಂದಲೇ ಕೂಗಿ ಕೂಗಿ ಹೇಳಿದೆ. ಕೂಲಿಗೆ ಆಳು ಕರೆಯೋಣವೆಂದರೆ ಗುಂಡ ಒಪ್ಪಲಿಲ್ಲ. ಹಾರೆಯ ಸದ್ದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಅವನು ಒಡೆದ, ಅವಳು ಬಾಂಡ್ಲಿಯಲ್ಲಿ ತುಂಬಿ ತುಂಬಿ ಹೊತ್ತು ಡ್ರಮ್ಮಿಗೆ ಸುರಿದಳು. ಮೇಲಿನದು ಬಿಳಿಯಾಗಿ ಉಬ್ಬಿ ಉಂಡೆಗಟ್ಟಿತ್ತು, ಕೆಳಗಿನದು ಇನ್ನೂ ಬೂದಿ ಬಣ್ಣದ ಒಣ ಪುಡಿ. ಇನ್ನೂ ಎಷ್ಟು ಘಾಟು ಅಲ್ಲಿ ಬಾಕಿ ಇತ್ತೆಂದು ಕಂಡು ಗುಂಡ ಸ್ವಲ್ಪ ಹೊತ್ತು ಹಾರೆ ಊರಿ ನಿಂತ.

ಅಣ್ಣ ಕೋಲೂರಿಕೊಂಡು ಬಾಗಿಲವರೆಗೆ ಹೋದ. ಒಳಗೆ ಹೊಂಡ, ಹೊಂಡದಲ್ಲಿ ಧೂಳು ಮೆತ್ತಿದ ಮಗ. ಗುಂಡ ತಲೆ ಎತ್ತಲಿಲ್ಲ.

"ನೆಲ ಗಟ್ಟಿಯಾಗೇ ಹಾಕಿದ್ದೀಯ ಕಣೋ" ಎಂದ ಅಣ್ಣ. "ಬೆಳಿಗ್ಗೆಯಿಂದ ಒಡೀತಿದೀಯ, ಇನ್ನೂ ಮುಗೀತಿಲ್ಲ."

ಗುಂಡನ ಬೆನ್ನು ಅಲುಗಿತು. ನಕ್ಕನೋ ಅತ್ತನೋ, ಮಾಸ್ಕಿನ ಹಿಂದೆ ತಿಳಿಯಲಿಲ್ಲ. "ಈ ಸಲ ಮರಳೇ ಹಾಕ್ತೀನಪ್ಪ" ಎಂದ.

"ಹಾಕು. ಮಟ್ಟ ಮಾತ್ರ ಹಿಂದಿನ ಹಾಗೇ ಇರ್ಲಿ. ಅಂಥಾ ಮಟ್ಟ ನಿಮ್ಮಜ್ಜನ ಕೈಲೂ ಆಗ್ತಿರ್ಲಿಲ್ಲ."

ಮಗನ ಜೊತೆ ಹೀಗೆ ಸರಿಹೋಯಿತು. ಸೊಸೆಯ ಜೊತೆ ಹಾಗಾಗಲಿಲ್ಲ. ಅವಳು ಬೆಳಗಿನಿಂದ ಮಾವನ ಎದುರು ಬಂದಿರಲಿಲ್ಲ. ಅವನು ನಡುಮನೆಯಲ್ಲಿದ್ದರೆ ಅವಳು ಹಿತ್ತಲ ಬಾಗಿಲಿನಿಂದ ಓಡಾಡಿದಳು. ಅವನು ಹಿತ್ತಲಿಗೆ ಬಂದರೆ ಒಳಗೆ ಹೋದಳು. ಕೆಲಸದ ನಡುವೆಯೇ ಅಡುಗೆ ಮಾಡಿ, ನನಗೂ ಮಗುವಿಗೂ ಬಡಿಸಿ, ಮಾವನ ಪಾಲನ್ನು ಮುಚ್ಚಿಟ್ಟು, "ನೀವೇ ಕೊಟ್ಟುಬಿಡಿ ಅತ್ತೆ" ಎಂದಳು. ನೀನೂ ಉಣ್ಣು ಎಂದರೆ ಹಸಿವಿಲ್ಲ ಎಂದಳು. ಕೊನೆಯ ಡ್ರಮ್ಮಿಗೆ ಮುಚ್ಚಳ ಬಿದ್ದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತವಳು ಅಲ್ಲೇ ಕೂತಳು. ತಲೆಯಿಂದ ಪಾದದವರೆಗೆ ಬೂದು ಧೂಳು. ಮೊಣಕಾಲ ಮೇಲೆ ಬಿರಿದ ಕೈಗಳು.

ನಾನು ಅಣ್ಣನ ತಟ್ಟೆ ತೆಗೆದುಕೊಳ್ಳಲು ಅಡುಗೆಮನೆಗೆ ಹೋದೆ. ಅಣ್ಣ ನನಗಿಂತ ಮೊದಲೇ ಅಲ್ಲಿದ್ದ. ಒಲೆಯ ಕಟ್ಟೆಗೆ ಸೊಂಟ ಆನಿಸಿ, ಬಲವಿಲ್ಲದ ಕೈಯಿಂದ ಬಿಸಿ ಅನ್ನದ ಮೇಲೆ ಬೇಳೆ ಹಾಕುತ್ತಿದ್ದ. ಅರ್ಧ ಕಟ್ಟೆಯ ಮೇಲೆ ಚೆಲ್ಲಿತ್ತು. ನಾನು ಕೈ ಚಾಚಿದೆ. ಬೇಡ ಎಂದು ಕಣ್ಣಲ್ಲೇ ಹೇಳಿದ. ಕೋಲನ್ನು ಕಟ್ಟೆಗೇ ಒರಗಿಸಿಬಿಟ್ಟು, ಒಂದು ಕೈಯಿಂದ ಗೋಡೆ ಹಿಡಿದು ಇನ್ನೊಂದರಲ್ಲಿ ತಟ್ಟೆ ಹಿಡಿದು ಹೊರಟ. ನಾನು ಹಿಂದೆಯೇ ಹೋದೆ, ಬಿದ್ದರೆ ಹಿಡಿಯುವಷ್ಟು ದೂರದಲ್ಲಿ.

ಹಿತ್ತಲ ಬಾಗಿಲಲ್ಲಿ ಅವನ ನೆರಳು ಬಿದ್ದಾಗ ಅವಳು ಏಳಲು ಹೋದಳು. ಅವನು ಏಳಬಿಡಲಿಲ್ಲ. ಮೆಟ್ಟಿಲನ್ನು ತಡಕಿ, ಹುಷಾರಾಗಿ ಅವಳ ಪಕ್ಕದಲ್ಲೇ ಕೂತ. ಅವಳ ಮಡಿಲಿನ ಮೇಲಿದ್ದ ಕೈಗಳನ್ನು ಮಗ್ಗುಲಿಗೆ ಸರಿಸಿ, ತಟ್ಟೆಯನ್ನು ಅಲ್ಲಿಟ್ಟ.